ವಿನುತಾ ಬಂದಾಗ ಸುಮ್ಮನಾದ ದೀಪ

೨೦೦೧ರ ಡಿಸೆಂಬರ್ ೧೨, ಸಂಜೆ ಆರೂವರೆ. ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅಳತೆಗೆ ಸಿಗದ್ದನ್ನು ನಂಬುವವನಲ್ಲ ನಾನು.

ಆಗ ನಾನೂ ವಿನುತಾಳೂ ಎಂಜಿನಿಯರಿಂಗ್ ಮುಗಿಸಿ ಶಿರಸಿಯ ಒಂದು ಸೋಲಾರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆವು. ಬ್ಯಾಟರಿಯಿಂದ ಟ್ಯೂಬು ಉರಿಸುವ ಸರ್ಕ್ಯೂಟನ್ನು ನಾನು ಮಾಡಿದ್ದೆ. ಅದರ ಟ್ರಾನ್ಸಿಸ್ಟರು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಕೂಡಿಸುತ್ತದೆ. ಆ ಹೊಡೆತಕ್ಕೆ ಹತ್ತಿರದ ರೇಡಿಯೋ ಗುಂಯ್‌ಗುಡುತ್ತದೆ. ಅಡಿಕೆ ಸುಲಿಯುವವರಿಗೋ ರೇಡಿಯೋ ಇಲ್ಲದೆ ಕೈ ಓಡದು. ಗದ್ದಲದ ಲೆಕ್ಕ ಇಬ್ಬರಲ್ಲಿ ಯಾರದು ಸರಿಯೋ ಅವರಿಗೇ ಖಾಯಂ ಕೆಲಸ ಎಂದಿದ್ದರು ಯಜಮಾನರು.

ನನ್ನ ಕಂಪ್ಯೂಟರ್ ಮಾಡೆಲ್ ಪ್ರಕಾರ ನನ್ನ ದೀಪ ಶುದ್ಧ, ಗದ್ದಲವೇ ಇಲ್ಲ. ವಿನುತಾ ಅದೇ ದೀಪಕ್ಕೆ ತಾನೊಂದು ಮಾಡೆಲ್ ಮಾಡಿದಳು. ಟ್ರಾನ್ಸಿಸ್ಟರಿಗೂ ತಗಡಿನ ಡಬ್ಬಿಗೂ ನಡುವೆ ಇರುವ, ಕಣ್ಣಿಗೆ ಕಾಣದ ಕೆಪಾಸಿಟೆನ್ಸನ್ನು, ಅಂದರೆ ಕರೆಂಟು ನುಸುಳುವ ಕಳ್ಳದಾರಿಯನ್ನು, ಸೇರಿಸಿ ಗ್ರಾಫಿನಲ್ಲಿ ಗದ್ದಲದ ಒಂದು ಗುಡ್ಡ ಎಬ್ಬಿಸಿದಳು.

"ರೇಡಿಯೋದಲ್ಲಿ ಸಮಾ ಧಾರವಾಡ ಸ್ಟೇಷನ್ ಇದ್ದಲ್ಲೇ ಕೂಗ್ತು ನೋಡು" ಅಂದಳು. ಯಜಮಾನರು ತಲೆದೂಗಿದರು. ಅವತ್ತು ನನಗೆ ಊಟ ಸೇರಲಿಲ್ಲ.

ಆ ಡಿಸೆಂಬರ್ ಸಂಜೆ ಪರೀಕ್ಷೆ ನಡೆದದ್ದು ಮನ್ಮನೆ ಎಂಬ ಹಳ್ಳಿಯ ಒಂದು ಮನೆಯಲ್ಲಿ. ಅಡಿಕೆ ಸುಲಿಯುವವರು ಕಾಲಡಿಗೆ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ವಿನುತಾ ಇನ್ನೊಂದು ಬ್ಯಾಟರಿ ತರಲು ಜೀಪಿನ ಹತ್ತಿರ ಹೋಗಿದ್ದಳು. ನನ್ನ ದೀಪ ಹಚ್ಚಿದೆವು. ಸರಿಯಾಗಿ ಅವಳು ಹೇಳಿದಲ್ಲೇ ರೇಡಿಯೋ ಅರಚಿತು.

"ಎಂತ ತಮಾ, ದೀಪನೋ ಕಣಜದ ಗೂಡೋ?" ಎಂದಳು ಮನೆಯ ಅಜ್ಜಿ.

ವಿನುತಾ ಬೇಲಿಬಾಗಿಲಿನ ದಣಪೆ ದಾಟಿ ಅಂಗಳಕ್ಕೆ ಕಾಲಿಟ್ಟಳು. ಗದ್ದಲ ನಿಂತಿತು. ವಾರ್ತೆ ನೀರಿನಷ್ಟು ತಿಳಿಯಾಗಿ ಕೇಳಿತು. ದಣಪೆಯಾಚೆ ಕಳಿಸಿದೆ, ಮತ್ತೆ ಗುಂಯ್. ಕರೆದೆ, ಮೌನ. ಬಳೆ, ವಾಚು ತೆಗೆಸಿ ನೋಡಿದೆ. ಅವಳ ಬದಲು ಯಜಮಾನರನ್ನೂ ಉಳಿದವರನ್ನೂ ಒಬ್ಬೊಬ್ಬರಾಗಿ ನಡೆಸಿದೆ. ಯಾರಿಗೂ ದೀಪ ಸೊಪ್ಪು ಹಾಕಲಿಲ್ಲ.

"ದೀಪಕ್ಕೂ ಕೂಸಿನ ಕಂಡ್ರೆ ಹೆದ್ರಿಕೆ ಕಾಣ್ತು!" ವಿನುತಾಳ ಕಡೆ ಕೈ ತೋರಿಸಿ ಅಜ್ಜಿ ನಕ್ಕಳು.

ಅವಳಿಲ್ಲದಾಗ ಅವಳ ಲೆಕ್ಕ ಸರಿ. ಅವಳಿದ್ದಾಗ ನನ್ನ ಲೆಕ್ಕ ಸರಿ. ಯಜಮಾನರು ಗದ್ದಲವನ್ನು ಕಿವಿಯಾರೆ ಕೇಳಿದ್ದರಿಂದ ಕೆಲಸ ಅವಳಿಗೇ ಎಂದರು. ಆದರೆ ದಣಪೆಯಾಚೆಗೆ ರೇಡಿಯೋ ಕೇಳಿಸುತ್ತಿರಲಿಲ್ಲವಾದ್ದರಿಂದ ವಿನುತಾಳಿಗೆ ಆ ಸದ್ದು ಒಮ್ಮೆಯೂ ಕೇಳಿರಲಿಲ್ಲ. ಎಲ್ಲರೂ ಸೇರಿ ತನ್ನನ್ನು ಆಡಿಸುತ್ತಿದ್ದೇವೆ ಅಂದುಕೊಂಡಳು. ಗದ್ದಲ ನಿಜವೆಂದು ನಾನು ಆಣೆ ಇಟ್ಟು ಹೇಳಿದೆ.

"ಯಂಗೆ ಸಮಾಧಾನ ಹೇಳದು ಬ್ಯಾಡ ಮಾರಾಯಾ. ಕೇಳ್ದೇ ಇದ್ದ ಗದ್ದಲಕ್ಕೆ ಆನು ಹೆಂಗೆ ಕೆಲ್ಸ ತಗಳ್ಳಿ?" ಎಂದು ವಿನುತಾ ಕೆಲಸ ಒಲ್ಲೆನೆಂದಳು.

ಅವಳು ಯಲ್ಲಾಪುರದಲ್ಲಿ ಗಣಿತ ಕಲಿಸಲು ಹೋದಳು. ಕೆಲಸ ನನಗಾಯಿತು. ಅವಳ ಮಾಡೆಲ್ ನೋಡಿಯೇ ಗದ್ದಲ ತಡೆಯುವ ಫಿಲ್ಟರ್ ಹಾಕಿದೆ. ದೀಪಗಳು ಚೆನ್ನಾಗಿ ಮಾರಾಟವಾದವು.

ಫಿಲ್ಟರಿಲ್ಲದ ಆ ಮೊದಲ ದೀಪ ಈಗಲೂ ನನ್ನಲ್ಲಿದೆ. ಆಗಾಗ ರೇಡಿಯೋದ ಪಕ್ಕ ಹಚ್ಚಿಟ್ಟು, ಅಂಗಳದಿಂದ ನಡೆದು ಬರುತ್ತೇನೆ. ನನಗೆ ಅದು ಒಮ್ಮೆಯೂ ಸುಮ್ಮನಾಗಿಲ್ಲ. ಅವಳಲ್ಲಿ ಅಂಥದ್ದೇನಿತ್ತು? ಹೊಟ್ಟೆಕಿಚ್ಚು ಇನ್ನೂ ಆರಿಲ್ಲ, ಕಾರಣವೂ ಹೊಳೆದಿಲ್ಲ. ಬಲ್ಲವರು ದಯವಿಟ್ಟು ಬರೆಯಿರಿ. ವಿನುತಾಳಿಗಲ್ಲ, ನನಗೆ ಬರೆಯಿರಿ.