ಹಿಂದೊಮ್ಮೆ ಬಂದವನು

ಯಾವ ಗುಂಪಿನಲ್ಲೂ ಇಂಥವನೊಬ್ಬ ಇರುತ್ತಾನೆ. ನಮ್ಮ ಪಾಲಿಗೆ ಬಂದವನು ಗೈಡಣ್ಣ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಈ ದ್ವೀಪಕ್ಕೆ ಬಂದಿದ್ದನಂತೆ, ಹಾಗಾಗಿ ದೋಣಿ ಇಳಿದ ಕ್ಷಣದಿಂದ ನಮ್ಮ ನಾಲ್ವರ ಯಜಮಾನಿಕೆ ಅವನದೇ. ‘ಕಣ್ಮುಚ್ಕೊಂಡು ಬನ್ನಿ’ ಎನ್ನುತ್ತಾನೆ. ಲೈಟ್‌ಹೌಸಿಗೆಂದು ಹೊರಟರೆ ಮೀನು ಮಾರುಕಟ್ಟೆ, ಜಲಪಾತಕ್ಕೆಂದು ಹೊರಟರೆ ಯಾರದೋ ಹಿತ್ತಲಿನ ನಲ್ಲಿ. ದಾರಿ ಕೇಳೋಣವೆಂದರೆ ಅವನಿಗೆ ಅವಮಾನ. ‘ನಾನು ಬಂದಾಗ ಸಮುದ್ರ ಆ ಕಡೆ ಇತ್ತಲ್ರೋ’ ಎಂದು ತಲೆ ಕೆರೆದುಕೊಳ್ಳುತ್ತಾನೆ. ಬಿಸಿಲಿಗೆ ತಲೆ ಕೆಟ್ಟ ನಾವೂ ‘ಇದ್ದರೂ ಇದ್ದೀತು’ ಅಂದುಕೊಳ್ಳುತ್ತೇವೆ. ಸಂಜೆ ದಡದ ಬಾರಿನಲ್ಲಿ ಎಲ್ಲರೂ ಕುಣಿಯುತ್ತಿದ್ದಾಗ ಅವನು ಮೂಲೆಯಲ್ಲಿ ನಿಂತು, ಗದ್ದಲದಲ್ಲಿ ಕೇಳಿಸದೆಂದು ಸ್ಪೀಕರ್ ಹಾಕಿ, ಹೆಂಡತಿಗೆ ಫೋನ್ ಮಾಡಿದ: ‘ಲೇ ಇವಳೇ, ಲೈಟ್‌ಹೌಸ್ ಬಂದರಿನ ಎಡಕ್ಕಿತ್ತೋ, ಬಲಕ್ಕೋ?’ ಆಕೆಯ ಉತ್ತರ ನಮಗೂ ಕೇಳಿಸಿತು: ‘ನಾವೆಲ್ಲಿ ಹೋದ್ವಿ ರೀ? ಅತ್ತೆಗೆ ಹುಷಾರಿಲ್ಲ ಅಂತ ಟಿಕೆಟ್ ವಾಪಸ್ ಮಾಡಿದ್ವಲ್ಲ. ದಿನಾ ರಾತ್ರಿ ಮಲಗೋವಾಗ ಮಾತಲ್ಲೇ ನನ್ನ ಅಲ್ಲೆಲ್ಲ ಸುತ್ತಿಸ್ತಿದ್ರಿ, ಅಷ್ಟೇ.’ ಗೈಡಣ್ಣ ನಮ್ಮ ಮುಖ ನೋಡಿದ, ಸಮುದ್ರ ನೋಡಿದ. ಆಕೆಯ ದನಿ ತಗ್ಗಿತು: ‘ರೀ, ಅಲ್ಲಿ ನಿಜವಾಗ್ಲೂ ಲೈಟ್‌ಹೌಸ್ ಇದ್ಯಾ?’