ಖಾಲಿ ಬಿಟ್ಟ ಸಾಲು

ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಬಂತು. ಕರ್ಪೂರ, ಜಿರಲೆ, ಹಳೇ ಚರ್ಮ, ಎಲ್ಲದರ ಅಡಿಯಲ್ಲಿ ಅಪ್ಪನ ನಶ್ಯದ ಘಾಟು. ಹಾಸನದ ನಮ್ಮ ಬೀದಿಯ ಹೆಂಗಸರು ಶನಿವಾರದ ಭಜನೆ ಮೇಳ ಕಟ್ಟೋಣ ಅಂತ ಹೊರಟಿದ್ದರು, ನಮ್ಮ ಅಟ್ಟದ ಮೇಲೆ ಪೆಟ್ಟಿಗೆ ಇದೆ ಅಂತ ನಾನೇ ಬಾಯಿ ಬಿಟ್ಟಿದ್ದೆ. ಅವರೆಲ್ಲ ಮೂಗಿಗೆ ಸೆರಗು ಹಿಡಿದರೆ, ನಾನು ಪೆಟ್ಟಿಗೆಯೊಳಗೆ ತಲೆ ಇಟ್ಟು ಕೂತುಬಿಟ್ಟೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಟ್ರಂಕೋ ಪೆಟ್ಟಿಗೆಯೋ ಇದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಸತ್ತವರು ಗೋಡೆ ಮೇಲಿನ ಫೋಟೋದಲ್ಲಿ ಇರುವುದಿಲ್ಲ ಕಣ್ರೀ, ಇಂಥ ಕಡೆ ಇರುತ್ತಾರೆ.

ಹೊಳೆನರಸೀಪುರದಲ್ಲಿ ಹೇಮಾವತಿ ಹೊಳೆಗೆ ಸಮೀಪದಲ್ಲೇ ನಮ್ಮ ಮನೆ ಇತ್ತು. ಶನಿವಾರ ಸಂಜೆ ಗದ್ದೆ ಕೆಲಸ ಮುಗಿಸಿ, ಕೈಕಾಲು ತೊಳೆದು ಆರು ಜನ ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ಅಪ್ಪನ ಕೈಲಿ ಹಾರ್ಮೋನಿಯಂ, ಚಿಕ್ಕಪ್ಪನ ಕೈಲಿ ತಾಳ, ಟೈಲರ್ ರಂಗಪ್ಪನ ಮುಂದೆ ತಬಲ. ಒಬ್ಬನಿಗಾದರೂ ಪಾಠ ಆಗಿತ್ತೇ? ಇಲ್ಲವೇ ಇಲ್ಲ. ಒಬ್ಬ ಒಂದು ಶ್ರುತಿ ಹಿಡಿದರೆ ಇನ್ನೊಬ್ಬ ಇನ್ನೊಂದು ಕಡೆ ಎಳೆಯುತ್ತಿದ್ದ. ಆದರೆ ಕೊನೆಯಲ್ಲಿ ಹರಿಗೋಲಿನ ಹಾಡು ಶುರುವಾದರೆ ಮಾತ್ರ ಅಡುಗೆಮನೆಯಲ್ಲಿ ಕಡಲೆಕಾಳು ಉಸಲಿ ಒಗ್ಗರಿಸುತ್ತಿದ್ದ ಅವ್ವ ಸೌಟು ನಿಲ್ಲಿಸುತ್ತಿದ್ದಳು. ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ದಾಟುವವರಿಗಾಗಿ ನಮ್ಮ ತಾತ ಕಟ್ಟಿದ ಹಾಡು ಅದು. ಆರು ಸಾಲು. ಒಬ್ಬೊಬ್ಬನದು ಒಂದೊಂದು ಸಾಲು, ಮಿಕ್ಕವರು ಅದನ್ನೇ ತಿರುಗಿ ಹೇಳಬೇಕು. ಅಪ್ಪನ ಹೊಲ ಮಗನಿಗೆ ಬಂದ ಹಾಗೆ ಸಾಲೂ ಮಗನಿಗೇ ಬರಬೇಕು. ಮಗ ಬಂದು ಕೂರುವ ತನಕ ಸತ್ತವನ ಸಾಲನ್ನು ಇನ್ನೊಬ್ಬ ಹಾಡುವಂತಿಲ್ಲ. ಹಾಡು ಆ ಜಾಗಕ್ಕೆ ಬಂದಾಗ ಎಲ್ಲರೂ ಬಾಯಿ ಮುಚ್ಚಿ, ಬರೀ ತಾಳ ಹಾಕಿಕೊಂಡು ಮುಂದಕ್ಕೆ ಹೋಗುತ್ತಿದ್ದರು.

ಮೊದಲು ಹೋದವನು ರಂಗಪ್ಪ. ಅವನು ತೀರಿಹೋದ ಮೇಲಿನ ಶನಿವಾರ ನಾನು ಅಡುಗೆಮನೆ ಬಾಗಿಲಲ್ಲಿ ಅಜ್ಜಿಗೆ ಒರಗಿ ಕೂತಿದ್ದೆ. ಅವನ ಸಾಲು ಬಂತು. ಐದು ಜನರ ಬಾಯಿ ಮುಚ್ಚಿಕೊಂಡಿತು. ಚಿಕ್ಕಪ್ಪನ ತಾಳ ಮಾತ್ರ ಟಿಣ್ ಟಿಣ್ ಅನ್ನುತ್ತಿತ್ತು. ಅಯ್ಯಪ್ಪಾ, ಇವತ್ತಿಗೂ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ. ಅವನು ಒರಗುತ್ತಿದ್ದ ಕಂಬದ ಕಡೆಯೇ ಎಲ್ಲರ ಕಣ್ಣು. ನಾನೇನೋ ಕೇಳಲು ಹೋದರೆ ಅಜ್ಜಿ ನನ್ನ ಬಾಯಿ ಒತ್ತಿ, "ಬಂದವ್ನೆ ಕಣೆ, ಸುಮ್ಕಿರು" ಅಂದಳು. ರಂಗಪ್ಪನ ಮಗ ಬರಲಿಲ್ಲ. ಆಮೇಲೆ ಹೋದವರ ಮಕ್ಕಳೂ ಬರಲಿಲ್ಲ, ಅವರಿಗೆ ಭಜನೆ ಅಂದರೆ ನಾಚಿಕೆ. ಒಂದೊಂದೇ ಸಾಲು ಖಾಲಿಯಾಗುತ್ತಾ ಬಂತು. ಕೊನೆಗೆ ಅಪ್ಪನೂ ಹೋದ. ಅಪ್ಪನಿಗೆ ನಾನೊಬ್ಬಳೇ ಮಗಳು, ಹೆಣ್ಣಿಗೆ ಸಾಲು ಇಲ್ಲ. ಚಿಕ್ಕಪ್ಪ ಒಬ್ಬನೇ ಕೂತು ಐದು ಸಾಲಿಗೆ ಬರೀ ತಾಳ ಹಾಕಿ, ಆರನೆಯದಾದ ತನ್ನ ಸಾಲನ್ನು ಮಾತ್ರ ಹಾಡಿ ಏಳುತ್ತಿದ್ದ. ಆ ಮನೆ ಈಗಿಲ್ಲ, ಅಲ್ಲಿ ಟೈರ್ ಅಂಗಡಿ ಇದೆ. ಚಿಕ್ಕಪ್ಪ ತಾಳವನ್ನೂ ಅಪ್ಪನ ಪೆಟ್ಟಿಗೆಯೊಳಗೇ ಇಟ್ಟು ನನಗೆ ಕೊಟ್ಟು, ಕೊಣನೂರಿಗೆ, ತನ್ನ ಒಬ್ಬಳೇ ಮಗಳು ಸರಸಿಯ ಮನೆಗೆ ಹೋದ.

ಪೆಟ್ಟಿಗೆ ಹೊತ್ತುಕೊಂಡು ನಾನೂ ಕೊಣನೂರಿಗೇ ಹೋದೆ. ಹಾಡು ಕಲಿಸಿಕೊಡು, ನಮ್ಮ ಮೇಳಕ್ಕೆ ಬೇಕು ಅಂದೆ. ಚಿಕ್ಕಪ್ಪ ಪೆಟ್ಟಿಗೆ ಸವರುತ್ತಾ, "ನಂದು ಒಂದು ಸಾಲು ಬೇಕಾರೆ ಏಳ್ಕೊಡ್ತೀನಿ. ಮಿಕ್ಕಿದ್ದ ಅವ್ರುನ್ನೇ ಕೇಳ್ಕೋ" ಅಂದ.

ನನಗೆ ರೇಗಿತು. "ಅವ್ರೆಲ್ಲವ್ರೆ ಚಿಕ್ಕಪ್ಪ ಕೇಳಾಕೆ? ನಿನ್ ಜೊತೇಲೇ ಹಾಡ್ನೂ ಮಣ್ಣು ಮಾಡ್ಬುಡನಾ?"

"ಅಕ್ಕಾ, ಬಿಡು" ಅಂತ ಸರಸಿ ನನ್ನ ಕೈ ಹಿಡಿದಳು. ಚಿಕ್ಕಪ್ಪ ಪೆಟ್ಟಿಗೆಯಿಂದ ತಾಳ ತೆಗೆದು, ಕಣ್ಣು ಮುಚ್ಚಿ ಶುರು ಮಾಡಿದ. ಮೊದಲನೆಯ ಸಾಲು ಖಾಲಿ. ಎರಡನೆಯದು ರಂಗಪ್ಪನದು, ಅದೂ ಖಾಲಿ. ನಾನು ಕೂತ ಕಡೆಯೇ ಹೋದವರ ಒಂದೊಂದೇ ಮುಖ ನೆನೆಸಿಕೊಳ್ಳುತ್ತಿದ್ದೆ. ಆದರೆ ಗಂಡಸರ ಕಟ್ಟಳೆ ಅಡುಗೆಮನೆಗೆ ಬಂದಿರಲಿಲ್ಲ. ಅವ್ವ, ಅಜ್ಜಿ, ನಾನು ಆರೂ ಸಾಲನ್ನು ಒಲೆ ಮುಂದೆ ಮೆಲ್ಲಗೆ ಹಾಡಿಕೊಂಡೇ ಬಂದವರು. ಕಲಿಸಿಕೊಡು ಅಂತ ಕೇಳಿದ್ದು ಚಿಕ್ಕಪ್ಪನ ಒಪ್ಪಿಗೆಗಾಗಿ ಅಷ್ಟೇ. ಐದನೆಯದು, ಅಪ್ಪನ ಜಾಗ ಬಂದಾಗ ನನ್ನ ಬಾಯಿ ತಾನಾಗೇ ತೆರೆಯಿತು. "ಹರಿಗೋಲು ಹತ್ತಿದೋರ ಕೈಬಿಡಬ್ಯಾಡ ಸ್ವಾಮಿ."

ತಾಳ ನಿಂತಿತು. ಈಗ ಬೈಗುಳ ಬೀಳುತ್ತದೆ ಅಂದುಕೊಂಡೆ. ಚಿಕ್ಕಪ್ಪ ಕಣ್ಣು ಬಿಡದೆಯೇ ಆ ಸಾಲನ್ನು ನನ್ನ ಹಿಂದೆ ತಿರುಗಿ ಹೇಳಿದ. ಎಷ್ಟೋ ವರ್ಷದ ಮೇಲೆ ಅಣ್ಣನ ಸಾಲಿಗೆ ದನಿ ಕೂಡಿಸಿದ್ದ. "ತೇಟ್ ಅಣ್ಣಯ್ಯನಂಗೇ ಕೊನೇಲಿ ಎಳೀತೀಯ" ಅಂದ. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

ಆಮೇಲೆ ಅವನ ಸಾಲು ಬಂತು. ಅವನು ಹಾಡಲಿಲ್ಲ. ಬರೀ ತಾಳ ಹಾಕಿದ. "ಯಾಕ್ ಚಿಕ್ಕಪ್ಪ? ಇದು ನಿಂದೇ ಸಾಲು!"

"ಗೊತ್ತು ಕಣವ್ವ" ಅಂದವನು ಮಗಳ ಕಡೆ ತಿರುಗಿದ. "ನಾನು ಇರೋವಾಗ್ಲೇ ಒಂದ್ಸಲ ಕೇಳ್ಬುಡ್ತೀನಿ. ಆಡು, ಸರಸಿ."

ಸರಸಿಗೆ ಆ ಸಾಲು ಬಾರದೇ ಏನು, ಹುಟ್ಟಿದಾಗಿನಿಂದ ಕೇಳಿದ್ದು. ಆದರೆ ಅಪ್ಪ ಎದುರಿಗೆ ಕೂತಿರುವಾಗ ಅವನ ಸಾಲನ್ನು ಯಾವ ಮಗಳು ಬಾಯಿಗೆ ತಂದಾಳು? ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅವನು ಹಾಡನ್ನು ಮತ್ತೆ ಅಲ್ಲಿಗೇ ತಂದು, ತಾಳ ಹಾಕುತ್ತಾ ಕಾದ. ದನಿ ಬರಲಿಲ್ಲ. "ಓಗ್ಲಿ ಬುಡು, ಇನ್ನೊಂದಿನ ಆಡುವಂತೆ" ಅಂತ ತಾಳ ಕೆಳಗಿಟ್ಟ. ಆ ಇನ್ನೊಂದು ದಿನ ಬರಲಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಚಿಕ್ಕಪ್ಪ ಹೋಗಿಬಿಟ್ಟ.

ಈಗ ಶನಿವಾರ ಶನಿವಾರ ಸರಸಿ ಅರಕಲಗೂಡಿನ ಮೇಲೆ ಬಸ್ಸು ಹಿಡಿದು ನಮ್ಮನೆಗೆ ಬರುತ್ತಾಳೆ. ಪೆಟ್ಟಿಗೆ ರಿಪೇರಿಯಾಗಿದೆ, ನಶ್ಯದ ಘಾಟು ಮಾತ್ರ ಹೋಗಿಲ್ಲ, ಹೋಗುವುದೂ ಬೇಡ. ಬೀದಿಯ ಹೆಂಗಸರು ನಾಲ್ಕು ಸಾಲು ಹಂಚಿಕೊಂಡಿದ್ದಾರೆ, ಐದನೆಯದು ನನ್ನದು. ಕೊನೆಯದನ್ನು ಸರಸಿ ಹಾಡುತ್ತಾಳೆ. "ಕತ್ತಲಾಗೋ ಮುಂಚೆ ಮನೆ ಸೇರಿಸೋ ತಂದೆ." ಚೆನ್ನಾಗಿ ಹಾಡುತ್ತಾಳೆ, ಎಲ್ಲೂ ತಡವರಿಸುವುದಿಲ್ಲ. ಈಗ ಯಾವ ಸಾಲೂ ಖಾಲಿ ಇಲ್ಲ. ಆದರೂ ಹಾಡು ಮುಗಿದ ಮೇಲೆ ನಾವು ಇನ್ನೊಂದು ಸಾಲಿನಷ್ಟು ಹೊತ್ತು ಬಾಯಿ ಮುಚ್ಚಿ ಬರೀ ತಾಳ ಹಾಕುತ್ತೇವೆ. ಅಷ್ಟು ಹೊತ್ತೂ ಸರಸಿ, ಕೇಳಿಸಿತಾ ಅನ್ನುವ ಹಾಗೆ, ಬಾಗಿಲ ಕಡೆಯೇ ನೋಡುತ್ತಿರುತ್ತಾಳೆ.