ಫ್ರಾನ್ಸಿನ ಮರಳಲ್ಲಿ ಒಂದು ಕುರಿ

ಇದನ್ನು ಹೇಳುವುದನ್ನು ವರ್ಷಗಳಿಂದ ಮುಂದೂಡುತ್ತಲೇ ಬಂದೆ. ಮಧುಗಿರಿಯಲ್ಲಿ ನನ್ನದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಅಲ್ಲಿಗೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಬರುತ್ತಿದ್ದರು. ಮಾತಾಡುವಾಗ ಬೆರಳಿನಿಂದ ಗಾಳಿಯಲ್ಲೇ ಗೆರೆ ಎಳೆದು, ಸರಿಬರದಿದ್ದರೆ ಅಂಗೈಯಿಂದ ಅಳಿಸುತ್ತಿದ್ದರು.

ಬೆಟ್ಟ ನೋಡಲು ಬಂದಿದ್ದ ಫ್ರಾನ್ಸಿನ ಕಲಾವಿದರೊಬ್ಬರು ಅವರಿಗೆ ತಾವು ಇದ್ದಿಲಿನಲ್ಲಿ ಬರೆದ ಚಿತ್ರ ಕೊಟ್ಟಿದ್ದರು. ಕಡಲತೀರದ ಮರಳುದಿಬ್ಬಗಳು.

"ಸಮುದ್ರ ಎಲ್ಲಿ ಸಾರ್?" ಎಂದೆ.

"ಹಿಂದ್ಗಡೆ ಐತೆ ಕಣಪ್ಪ" ಎಂದು ಕಟ್ಟು ಹಾಕಲು ಬಿಟ್ಟುಹೋದರು.

ನನ್ನಲ್ಲಿಗೆ ಬರುವ ದೇವರ ಪಟಗಳಲ್ಲೆಲ್ಲ ದೀಪದ ಮಸಿ ಇರುತ್ತದೆ. ಒರೆಸದೆ ಗಾಜು ಹಾಕಿದವನಲ್ಲ ನಾನು. ಇದನ್ನೂ ಒರೆಸಿದೆ. ಬಟ್ಟೆ ಕಪ್ಪಾಯಿತು, ಫ್ರಾನ್ಸ್ ಹೋಯಿತು. ಹೆದರಿ, ಇಸ್ತ್ರಿ ಅಂಗಡಿಯಿಂದ ಇದ್ದಿಲು ತಂದು ನಾನೇ ಬರೆದೆ. ದಿಬ್ಬ ಹೇಗೆ ಎಳೆದರೂ ನಮ್ಮ ಬೆಟ್ಟವೇ ಆಯಿತು. ನಡುವೆ ಬಿದ್ದ ಹೆಬ್ಬೆರಳಿನ ಗುರುತಿಗೆ ಕಾಲು ಬರೆದು ಕುರಿ ಮಾಡಿದೆ.

ಮೇಷ್ಟ್ರು ಬಹಳ ಹೊತ್ತು ನೋಡಿದರು. ಬೆರಳಿನಿಂದ ಗಾಳಿಯಲ್ಲಿ ಬೆಟ್ಟದ ಗೆರೆ ಎಳೆದರು, ಅಳಿಸಲಿಲ್ಲ. ಒಯ್ದು ಪಡಸಾಲೆಯಲ್ಲಿ ತೂಗುಹಾಕಿದರು.

"ಇದು ನಮ್ ಬೆಟ್ಟ ಅಲ್ವಾ ಸಾರ್?" ಎಂದು ಮನೆಗೆ ಬಂದ ಹಳೇ ಶಿಷ್ಯರು ಕೇಳುತ್ತಿದ್ದರು.

"ಅಲ್ಲ ಕಣ್ಲಾ, ಫ್ರಾನ್ಸು. ಸಮುದ್ರ ಹಿಂದ್ಗಡೆ ಐತೆ."

"ಮತ್ತೆ ಕುರಿ?"

"ಯಾಕ್ಲಾ, ಅವರು ಕುರಿ ಸಾಕಬಾರ್ದಾ?"

ನಾನು ಎದುರಿಗೇ ಕೂತು ಅವರ ಮನೆಯ ಕಾಫಿ ಕುಡಿಯುತ್ತಿದ್ದೆ.

ಒಮ್ಮೆ ಗಾಜು ಒಡೆದು, ಚಿತ್ರವನ್ನು ಅವರೇ ಅಂಗಡಿಗೆ ತಂದರು. ನಾನು ಅಭ್ಯಾಸಬಲದಿಂದ ಬಟ್ಟೆ ಎತ್ತಿಕೊಂಡೆ.

"ಈ ಸಲ ಒರೆಸ್ಬ್ಯಾಡ ಕಣಪ್ಪ" ಎಂದರು ಮೆಲ್ಲಗೆ. "ಕುರಿ ಹೊಂಟೋಯ್ತದೆ."

ಬಟ್ಟೆ ಕೆಳಗಿಟ್ಟೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಈಗ ಅವರಿಲ್ಲ. ಇಲ್ಲಿ ಅವರ ಹೆಸರು ಬರೆಯಲು ಕೈಯೂ ಬರುತ್ತಿಲ್ಲ.